ಎತ್ತದ ಹಸಿರು ಬಾವುಟ

ಗಿಲ್‌ರಾಯ್,
೧೨ ನವೆಂಬರ್ ೧೯೮೯

ಶ್ರೀ ರಘೋತ್ತಮ ಅವರಿಗೆ,

ಒಂದು ಕಾಲದಲ್ಲಿ ಈ ಜಾಗದಲ್ಲಿ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ. ಈಗ ‘ಶ್ರೀ’ ಸಾಕು. ಕಳೆದ ತಿಂಗಳು ಭೂಕಂಪವಾಗಿ ನಮ್ಮ ಅಪಾರ್ಟ್‌ಮೆಂಟಿನ ಗಾಜಿನ ಸಾಮಾನೆಲ್ಲ ಪುಡಿಯಾದ ಮರುದಿನ ನಿಮ್ಮ ಫೋನು ಬಂತು. ಮಗಳು ಹೇಗಿದ್ದಾಳೆ ಎಂದು ಕೇಳುತ್ತೀರಿ ಅಂದುಕೊಂಡೆ. ಕ್ಲಬ್ಬಿನ ಫೋಟೋ ಆಲ್ಬಮ್ಮಿಗೆ ಏನೂ ಆಗಿಲ್ಲ ತಾನೇ ಎಂದು ಕೇಳಿದಿರಿ.

ಆಲ್ಬಮ್ಮು ಚೆನ್ನಾಗಿದೆ. ಅದರ ಫೋಟೋಗಳನ್ನು ಹಾಕಿ ನೀವು ಅಚ್ಚು ಮಾಡಿಸಲಿರುವ ಗೇಲಿಕ್ ಫುಟ್‌ಬಾಲ್ ಕ್ಲಬ್ಬಿನ ಹತ್ತು ವರ್ಷದ ಇತಿಹಾಸದ ಕರಡನ್ನೂ ಓದಿದೆ. ಕ್ಲಬ್ಬು ಕಟ್ಟಿದ್ದು ನೀವೂ ಡೆಕ್ಲನ್ನೂ ಎಂದು ಬರೆದಿದ್ದೀರಿ. ಕಟ್ಟಿದ್ದು ಡೆಕ್ಲನ್ ಒಬ್ಬನೇ. ಐರ್ಲೆಂಡಿನಿಂದ ಬಂದ ಆ ಬಡಗಿ ನಿಮ್ಮ ಮೆನ್ಲೋ ಪಾರ್ಕ್ ಆಫೀಸಿಗೆ ಬಾಗಿಲು ಕೂರಿಸಲು ಬಂದಿದ್ದ. ತನ್ನ ನಾಡಿನ ಆ ಆಟಕ್ಕೆ ಹದಿನೈದು ಜನ ಆಗುತ್ತಿಲ್ಲ ಎಂದು ನಿಮ್ಮನ್ನು ಎಳೆದುಕೊಂಡು ಹೋದ. ಮೊದಲ ವರ್ಷ ನೀವು ಚೆಂಡು ಮುಟ್ಟಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಮಂಡಿಗೆ ಅರಿಶಿನ ಹಚ್ಚಿದವಳು ನಾನು. ಭಾನುವಾರ ಇಡೀ ತಂಡಕ್ಕೆ ಚಿತ್ರಾನ್ನ ಕಲಸಿ ತರುತ್ತಿದ್ದೆ. ಆ ಹುಡುಗರು ಖಾರಕ್ಕೆ ಮೂಗು ಒರೆಸಿಕೊಂಡು ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧ ಜನ ವೀಸಾ ಮುಗಿದು ಊರಿಗೆ ಹೋದರು. ನಿಮ್ಮ ಇತಿಹಾಸದಲ್ಲಿ ಅವರೂ ಇಲ್ಲ, ಚಿತ್ರಾನ್ನವೂ ಇಲ್ಲ. ಎಲ್ಲಿ ನೋಡಿದರೂ ನೀವೇ.

ನಾನಿರುವುದು ಒಂದೇ ಕಡೆ, ಅದೂ ಹೆಸರಿಲ್ಲದೆ. ೧೯೮೪ರ ಫೈನಲ್ಲನ್ನು ‘ಆಟ ತಿಳಿಯದ ಅಂಪೈರೊಬ್ಬರ ತಪ್ಪಿನಿಂದ’ ಸೋತೆವಂತೆ.

ಆಟ ತಿಳಿಯದ ನನ್ನನ್ನು ಅಂಪೈರು ಮಾಡಿದ್ದು ಯಾರು? ಈ ಆಟದಲ್ಲಿ ಅಂಪೈರೆಂದರೆ ಗೋಲುಕಂಬದ ಪಕ್ಕ ನಿಂತು ಬಾವುಟ ಎತ್ತುವವರು, ಅವರು ಬಿಳಿ ಕೋಟು ಹಾಕಿರಬೇಕು. ಆ ಫೈನಲ್ಲಿಗೂ ಮೊದಲು ಒಂದು ಪಂದ್ಯಕ್ಕೆ ಯಾರೂ ಸಿಕ್ಕಿರಲಿಲ್ಲ. ನಾನು ಆಸ್ಪತ್ರೆಯ ಲ್ಯಾಬಿನಿಂದ ಕೋಟಿನಲ್ಲೇ ಬಂದಿದ್ದೆ. ಇವರು ಆಗಲೇ ರೆಡಿಯಾಗಿದ್ದಾರಲ್ಲ ಎಂದು ಡೆಕ್ಲನ್ ನನ್ನ ಕೈಗೆ ಎರಡು ಬಾವುಟ ಕೊಟ್ಟ. ಚೆಂಡು ಅಡ್ಡಕಂಬಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಬಿಳಿ ಬಾವುಟ. ಕೆಳಗಿಂದ ಹೋದರೆ ಗೋಲು, ಮೂರು ಪಾಯಿಂಟು, ಹಸಿರು ಬಾವುಟ. ಆ ರಾತ್ರಿ ಊಟದ ಮೇಜಿನ ಮೇಲೆ ಲಟ್ಟಣಿಗೆ ಇಟ್ಟು, ನಿಂಬೆಹಣ್ಣು ಉರುಳಿಸಿ, ಚೆಂಡು ಪೂರ್ತಿ ಗೆರೆ ದಾಟಿದರೆ ಮಾತ್ರ ಗೋಲು ಎಂದು ಕಲಿಸಿದವರು ನೀವೇ.

ಆ ಫೈನಲ್ಲಿನ ಕೊನೆಗೆ ನಾವು ಎರಡು ಪಾಯಿಂಟು ಹಿಂದಿದ್ದೆವು. ನೀವು ಒದ್ದ ಚೆಂಡು ಅಡ್ಡಕಂಬಿಗೆ ಬಡಿದು ಗೆರೆಯ ಮೇಲೇ ಬಿತ್ತು. ಅವರ ಗೋಲ್‌ಕೀಪರ್ ಬಾಚಿ ಹೊರಗೆಸೆದ. ರೆಫರಿ ನನ್ನ ಮುಖ ನೋಡಿದ. ನೀವೂ ನೋಡಿದಿರಿ. ನಾನು ಹಸಿರು ಬಾವುಟ ಎತ್ತಲಿಲ್ಲ.

ಎಲ್ಲರೆದುರು ನೀವು ನಕ್ಕು, ಪಾಪ, ಅವಳಿಗೆ ಆಟ ಗೊತ್ತಿಲ್ಲ ಎಂದಿರಿ. ಆಮೇಲೆ ಕಾರಿನಲ್ಲಿ ಮನೆಗೆ ಬರುವಾಗ ಫ್ರೀವೇಯಲ್ಲಿ ನನ್ನೊಬ್ಬಳಿಗೆ ಹೇಳಿದ್ದೇ ಬೇರೆ. ‘ಒಳಗೆ ಹೋಗ್ಲಿಲ್ಲ ಅಂತ ನಂಗೂ ಗೊತ್ತು ಕಣೆ. ಸ್ವಲ್ಪ ಅಡ್ಜಸ್ಟ್ ಮಾಡ್ಬಹುದಿತ್ತಲ್ಲ’ ಅಂದಿರಿ. ಗೊತ್ತಿದ್ದೂ ನನ್ನನ್ನು ಪೆದ್ದಿ ಮಾಡಿದಿರಿ. ಮಗಳನ್ನು ಕರೆದುಕೊಂಡು ನಾನು ಗಿಲ್‌ರಾಯ್‌ಗೆ ಬಂದದ್ದು ಇಲ್ಲಿ ಬಾಡಿಗೆ ಕಡಿಮೆ ಎಂದು, ಹಾಗಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೀರಂತೆ. ನಾನು ಮನೆ ಬಿಟ್ಟದ್ದು ಆ ಕಾರಿನಲ್ಲಿ ಕೂತಿದ್ದಾಗಲೇ.

ಆ ಸಾಲು ತೆಗೆಯಿರಿ. ಚೆಂಡು ಗೆರೆ ದಾಟಿರಲಿಲ್ಲ, ವಸುಧಾ ಹೇಳಿದ್ದೇ ಸರಿ ಎಂದು ನಿಮ್ಮ ಕೈಯಾರೆ ಬರೆಯಿರಿ. ಅಲ್ಲಿಯವರೆಗೆ ಒಂದು ಫೋಟೋವೂ ಬರುವುದಿಲ್ಲ. ಮಗಳು ಮೈಥಿಲಿಯ ಮೂಲಕ ಹೇಳಿಸಲು ನೋಡಬೇಡಿ. ಆ ಪುಟ ಓದಿ ಅವಳೇ ‘ದಟ್ಸ್ ನಾಟ್ ಫೇರ್, ಅಮ್ಮ’ ಎಂದು ಎದ್ದುಹೋದಳು.

ಇಂತಿ,
ಆಟ ತಿಳಿಯದ ಅಂಪೈರು,
ವಸುಧಾ

ತಾ.ಕ.: ನಿನ್ನೆ ಡೆಕ್ಲನ್ ಫೋನು ಮಾಡಿದ್ದ. ಹತ್ತನೇ ವರ್ಷದ ಪಂದ್ಯಕ್ಕೆ ಅವತ್ತು ನಮ್ಮನ್ನು ಸೋಲಿಸಿದ ತಂಡವೇ ಬರುತ್ತಿದೆಯಂತೆ. ಗೋಲುಕಂಬದ ಬಳಿ ಯಾರು ನಿಲ್ಲಬೇಕು ಎಂದು ದೊಡ್ಡ ಜಗಳವಾಗಿ, ಕೊನೆಗೆ ಎರಡೂ ಕಡೆಯವರು ಒಪ್ಪಿದ್ದು ನನ್ನ ಹೆಸರೊಂದನ್ನೇ. ನಿಮಗೆ ಹೇಳಲು ಅವರಿಗೆ ಧೈರ್ಯವಿಲ್ಲ. ನಾನು ಬರುತ್ತೇನೆ ಎಂದಿದ್ದೇನೆ. ನನ್ನ ಹಳೆಯ ಬಿಳಿ ಕೋಟು ನಿಮ್ಮ ಕ್ಲಾಸೆಟ್ಟಿನಲ್ಲೇ ಇದೆ. ಒಗೆಸಿ, ಇಸ್ತ್ರಿ ಮಾಡಿಸಿ ಕಳಿಸಿ.