ಇಟ್ಟಿಗೆ ಮಂಚ

ನವೆಂಬರ್ ೧೭, ಪಿಂಗ್ಯಾವ್, ಚೀನಾ

ಕೈ ತೊಳೆದರೂ ಅಂಗೈಯ ಬಿಸಿ ಹೋಗಿಲ್ಲ.

ವ್ಯಾಪಾರಿಗಳಿಗೆ ಹಣದ ಹುಂಡಿ ಬರೆದುಕೊಡುತ್ತಿದ್ದ ಹಳೆಯ ಬ್ಯಾಂಕಿನ ಇಟ್ಟಿಗೆ ಮಂಚವನ್ನು, ಚಳಿಗಾಲದಲ್ಲಿ ಒಳಗೆ ಒಲೆಯ ಬಿಸಿ ಹಾಯಿಸುತ್ತಿದ್ದದ್ದನ್ನು, ನಾಳೆ ಒಡೆಯುತ್ತಾರೆ. ಅದರಡಿ ಬೆಳ್ಳಿ ಇಡುತ್ತಿದ್ದ ನೆಲಮಾಳಿಗೆಯನ್ನು ಪ್ರವಾಸಿಗರಿಗೆ ತೋರಿಸಬೇಕಂತೆ. ಆ ಕಾಲದಲ್ಲಿ ಯಜಮಾನರೇ ಮಂಚದ ಮೇಲೆ ಕಾವಲು ಮಲಗುತ್ತಿದ್ದರು.

ಸಂಜೆ ಧೂಳು ಒರೆಸುವಾಗ ಮಂಚ ಬೆಚ್ಚಗಿತ್ತು. ಗೋಡೆಯ ಕಡೆ ಮಾತ್ರ, ಒಬ್ಬ ಮನುಷ್ಯನ ಉದ್ದಕ್ಕೆ.

ಕಾವಲಿನ ಹಾವೊ ಮಾವನನ್ನು ಕರೆದೆ. "ಮಾವ, ಒಲೆ ಹಚ್ಚಿದ್ರಾ?"

"ಒಲೆಬಾಯಿ ಮುಚ್ಚಿದ್ದು ನಮ್ಮಪ್ಪನ ಕಾಲದಲ್ಲಿ. ನಿಂಗೇ ಜ್ವರ ಇರ್ಬೇಕು, ಹೋಗಿ ಗಂಜಿ ಕುಡಿ," ಎಂದು ನಕ್ಕರು. ಆಮೇಲೆ ತಾವೇ ಕೈಯಿಟ್ಟು ನೋಡಿದರು. ನಗು ನಿಂತಿತು. ದೀಪ ಆರಿಸಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಪಿಸುಗುಟ್ಟಿದರು:

"ಸದ್ದು ಮಾಡ್ದೆ ನಡಿ. ಮಲಗಿದಾರೆ."

ನಾಳೆ ಗಾರೆಯವರಿಗೆ ಬಾಗಿಲು ತೆಗೆಯಬೇಕಾದವಳು ನಾನು. ಅದಕ್ಕೆ ಮೊದಲು ಯಜಮಾನರನ್ನು ಏನೆಂದು ಎಬ್ಬಿಸಲಿ?