ದಡದಲ್ಲಿ ಕೂತು ಮಾತಾಡಲು ಅನುಮತಿ ಕೋರಿ

ರಾಜ್ಯದ ಮೀನು ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಗಂಡ ಹಾಲ್ವರ್ ಸ್ಕಾರ್, ನದಿಯ ದಡದಲ್ಲಿ ಕೂತು, ಗಾಳ ಹಾಕುತ್ತಿರುವ ನನ್ನೊಡನೆ ಮಾತಾಡುವುದನ್ನು ತಮ್ಮ ಕಚೇರಿ ನಿಷೇಧಿಸಿದೆ. ಏಪ್ರಿಲ್ ಮೂವತ್ತರವರೆಗೆ. ಈ ಮುದುಕಿ ಉತ್ಪ್ರೇಕ್ಷೆ ಮಾಡುತ್ತಿದ್ದಾಳೆ ಎಂದು, ಈ ಬಹಿರಂಗ ಪತ್ರವನ್ನು ಅಚ್ಚು ಹಾಕುವ ಪತ್ರಿಕೆಯ ಓದುಗರು ಅಂದುಕೊಂಡಾರು. ಹಾಗಾಗಿ ತಮ್ಮ ಆದೇಶದ ಸಾಲನ್ನೇ ಇಲ್ಲಿ ಇಳಿಸುತ್ತೇನೆ: "ಪರವಾನಗಿ ಅಮಾನತಾದ ವ್ಯಕ್ತಿಯು ಮೀನು ಹಿಡಿಯುತ್ತಿರುವವರಿಗೆ ನೆರವು, ಸಲಹೆ ಅಥವಾ ಮಾರ್ಗದರ್ಶನ ನೀಡತಕ್ಕದ್ದಲ್ಲ." ಎಂಥ ಗಟ್ಟಿಮುಟ್ಟಾದ ವಾಕ್ಯ! ಕಳ್ಳಸಾಗಣೆದಾರರನ್ನು ಮಟ್ಟಹಾಕಲು ಬರೆದದ್ದಿರಬೇಕು. ಅದಕ್ಕೆ ಸಿಕ್ಕಿಬಿದ್ದವನು ಮಾತ್ರ ಕೋಟಿನ ಗುಂಡಿ ಹಾಕಿಕೊಳ್ಳಲಾಗದ ಎಪ್ಪತ್ತಾರು ವರ್ಷದ ಮನುಷ್ಯ.

ಹಾಲ್ವರ್‌ಗೆ ನಡುಕದ ಕಾಯಿಲೆ ಬಂದು ಆರು ವರ್ಷವಾಯಿತು. ಬೇಸಿಗೆಯಲ್ಲಿ ನದಿ ತುಂಬ ಪ್ರವಾಸಿಗರು, ಅವನಿಗೆ ಅದು ಬೇಡ. ಅವನ ಕಾಲ ಚಳಿಗಾಲ. ಅಂಚುಗಳಲ್ಲಿ ಮಂಜುಗಡ್ಡೆ ಕಟ್ಟಿ, ನೀರು ಇಳಿದು, ನಡುಮಧ್ಯಾಹ್ನ ಒಂದೆರಡು ಗಂಟೆ ಬಿಸಿಲು ಬಿದ್ದಾಗ ಸಣ್ಣ ನೊಣಗಳು ಮೇಲೇಳುತ್ತವೆ, ಟ್ರೌಟ್ ಮೀನುಗಳು ಮೂತಿ ತೋರಿಸುತ್ತವೆ. ಆಗ ಗಾಳದ ಕೊಕ್ಕೆಗೆ ಕಟ್ಟಬೇಕಾದ ಕೃತಕ ನೊಣ ಎಳ್ಳಿನ ಕಾಳಿನಷ್ಟು. ಆ ಕೈಗಳಲ್ಲಿ ಅದು ಹೇಗೆ ಸಾಧ್ಯ ಹೇಳಿ? ನೊಣ ಕಟ್ಟುವುದು ನನ್ನ ಪಾಲಿಗೆ ಬಂತು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ನನಗೆ ಅದುವರೆಗೆ ನದಿಯೆಂದರೆ ಸೇತುವೆ ಮೇಲಿಂದ ನೋಡುವ ವಸ್ತು.

ಡಿಸೆಂಬರ್ ಎರಡನೆಯ ವಾರ, ಮಧ್ಯಾಹ್ನ. ಗಾಳದ ಕೋಲಿನಲ್ಲಿ ದಾರ ಹಾಯುವ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿತ್ತು. ಹಾಲ್ವರ್‌ನ ಬೆರಳುಗಳು ಸೆಟೆದುಕೊಂಡಿದ್ದವು.

"ಹಿಡ್ಕೊಳ್ಳೇ, ಒಂದ್ನಿಮಿಷ," ಅಂದ. "ಕೈ ಬೆಚ್ಚಗೆ ಮಾಡ್ಕೋತೀನಿ."

ನಾನು ಕೋಲು ಹಿಡಿದೆ. ಅವನು ಕಾಫಿ ಫ್ಲಾಸ್ಕನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡ. ಮೀನಿಗೆ ತಮ್ಮ ನಿಯಮಾವಳಿ ಗೊತ್ತಿರಲಿಲ್ಲ. ಅದು ಆ ನಿಮಿಷದಲ್ಲೇ ನೊಣ ಕಚ್ಚಿತು.

"ಎತ್ತು, ಎತ್ತು! ಅಯ್ಯೋ ಎಳೀಬೇಡ ಮಾರಾಯ್ತಿ, ಬಸ್ಸಿನ ಸ್ಟಿಯರಿಂಗ್ ಅಲ್ಲ ಅದು! ಓಡಲಿ ಬಿಡು, ಓಡಲಿ!"

"ಸುಮ್ನಿರೋ, ಕಿರುಚಬೇಡ!" ಎಂದು ನಾನೂ ಕಿರುಚಿದೆ. ಹೇಗೋ ದಡಕ್ಕೆ ತಂದೆ. ಅವನು ಮೊಣಕಾಲೂರಿ, ಮೀನನ್ನು ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿದ. ಆ ಚಳಿಗೆ ಗಾಳಿಗೊಡ್ಡಿದರೆ ಕಿವಿರು ಹೆಪ್ಪುಗಟ್ಟಿ ಸಾಯುತ್ತದೆ. ಮೀನು ಈಜಿಕೊಂಡು ಹೋಯಿತು. ನಾವಿಬ್ಬರೂ ಹುಚ್ಚರ ಹಾಗೆ ನಗುತ್ತಿದ್ದಾಗ ಹಿಂದಿನಿಂದ ತಮ್ಮ ಗಾರ್ಡ್ ನನ್ನ ಲೈಸನ್ಸ್ ಕೇಳಿದರು.

ನನ್ನ ಹತ್ತಿರ ಎಲ್ಲಿತ್ತು? ತಪ್ಪು ತಪ್ಪೇ, ನನ್ನ ದಂಡ ಕಟ್ಟಿ ಕೈ ತೊಳೆದುಕೊಂಡಿದ್ದೇನೆ, ಅದರ ಬಗ್ಗೆ ತಕರಾರಿಲ್ಲ. ಆದರೆ ವಿಚಾರಣೆಯ ದಿನ ತಮ್ಮ ಸಿಬ್ಬಂದಿ ಹಾಲ್ವರ್‌ನನ್ನು ಕೇಳಿದರು: "ಹೀಗೆ ಹಿಂದೆಯೂ ಕೋಲು ಕೊಟ್ಟಿದ್ದಿರಾ?"

"ಹೂಂ, ಕೊಟ್ಟಿದ್ದೆ. ಹೋದ ಚಳಿಗಾಲ, ಅದರ ಹಿಂದಿನ ಚಳಿಗಾಲ. ಕೈ ಮರಗಟ್ಟಿದಾಗಲೆಲ್ಲ."

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. ಮೀನಿನ ಉದ್ದದ ವಿಷಯದಲ್ಲಿ ಐವತ್ತು ವರ್ಷ ನಾಚಿಕೆಯಿಲ್ಲದೆ ಸುಳ್ಳು ಹೇಳಿದ ಮನುಷ್ಯ, ತಮ್ಮ ಕಚೇರಿಯಲ್ಲಿ ಮಾತ್ರ ಹರಿಶ್ಚಂದ್ರನಾದ. ಅದಕ್ಕೆ ಸಿಕ್ಕ ಬಹುಮಾನ: "ಪುನರಾವರ್ತಿತ ಅಪರಾಧ." ಪರವಾನಗಿ ಅಮಾನತು.

ಹೋಗಲಿ ಎಂದು ಜನವರಿಯಲ್ಲಿ ನಾನೇ ಲೈಸನ್ಸ್ ಮಾಡಿಸಿಕೊಂಡೆ. ನಾನು ಗಾಳ ಹಾಕುವುದು, ಅವನು ದಡದಲ್ಲಿ ಕುರ್ಚಿ ಹಾಕಿ ಕೂತು ಹೇಳುವುದು, ಇಷ್ಟೇ ನಮ್ಮ ಯೋಜನೆ. ಹಾಲ್ವರ್ ಮಾತ್ರ, "ಮೊದಲು ಕೇಳು, ಬರವಣಿಗೆಯಲ್ಲಿ ಕೇಳು," ಎಂದು ಹಟ ಹಿಡಿದ. ಕೇಳಿದೆ. ಸಲಹೆಯೂ ಭಾಗವಹಿಸುವಿಕೆಯೇ ಎಂದು ತಮ್ಮಿಂದ ಉತ್ತರ ಬಂತು. ಕಾನೂನೆಂದರೆ ಅವನಿಗೆ ಆಟವಲ್ಲ ಸ್ವಾಮಿ. ಈ ನದಿಯಲ್ಲಿ ಮೀನು ಉಳಿದಿರುವುದೇ ನಿಯಮದಿಂದ ಎಂದು ನಂಬಿದವನು. ಒಮ್ಮೆ ಅವನ ಸ್ವಂತ ಅಣ್ಣ ಇಲ್ಲಿ ನಿಷೇಧವಿರುವ ಎರೆಹುಳು ಸಿಕ್ಕಿಸಿ ಟ್ರೌಟ್ ಹಿಡಿದಾಗ ಇಲಾಖೆಗೆ ಫೋನ್ ಮಾಡಿದವನೂ ಇವನೇ. ಅಣ್ಣ ಮೂರು ಕ್ರಿಸ್‌ಮಸ್ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಆದರೂ ಒಂದು ದಿನ ಹೋದೆವು. ಅವನು ಕಂಬಳಿ ಹೊದ್ದು ಕೂತ. ನಾನು ನೀರಿಗಿಳಿದೆ. ಎದುರಿಗೇ ಮೀನುಗಳು ಏಳುತ್ತಿದ್ದವು, ಒಂದಲ್ಲ ಎರಡಲ್ಲ. ನನ್ನ ನೊಣ ಎಲ್ಲೋ ಬೀಳುತ್ತಿತ್ತು. ಮೂರು ಸಲ ಗಿಡಕ್ಕೆ ಸಿಕ್ಕಿಕೊಂಡಿತು. ತಿರುಗಿ ನೋಡಿದೆ. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದ.

"ಹೇಳೋ, ಇಲ್ಯಾರಿದಾರೆ? ಒಂದು ನರಪಿಳ್ಳೆ ಇಲ್ಲ!"

ತಲೆಯಾಡಿಸಿದ. ಕಣ್ಣಲ್ಲಿ ನೀರಿತ್ತು. ಚಳಿಗೆ ಎಂದು ಆಮೇಲೆ ಹೇಳಿದ, ಇರಬಹುದು. ವಾಪಸು ಬರುವಾಗ ಹೆದ್ದಾರಿ ಸೇರಿ ನದಿ ಮರೆಯಾದ ಮೇಲೆ ಬಾಯಿ ಬಿಟ್ಟ. "ಎರಡಡಿ ಎಡಕ್ಕೆ ಹಾಕ್ಬೇಕಿತ್ತು ಕಣೇ. ಆ ಬಂಡೆಯ ಹಿಂದೆ ದೊಡ್ಡದೊಂದಿತ್ತು." ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಅತ್ತೆ. ಅಳುವವಳಲ್ಲ ನಾನು, ಊರಿನಲ್ಲಿ ಯಾರನ್ನಾದರೂ ಕೇಳಿ.

ಏಪ್ರಿಲ್ ಮೂವತ್ತೇನು ದೂರವಿದೆಯೇ, ಅಲ್ಲಿಯವರೆಗೆ ತಾಳಬಾರದೇ ಎಂದು ತಾವು ಕೇಳಬಹುದು. ಮಾನ್ಯರೇ, ಈ ಕಾಯಿಲೆ ಕೈಗಳಷ್ಟಕ್ಕೇ ನಿಲ್ಲುವುದಿಲ್ಲ. ಈಗ ಗಂಟಲಿಗೆ ಇಳಿದಿದೆ. ಡಿಸೆಂಬರಿನಲ್ಲಿ ನದಿಯಾಚೆಗೆ ಕೇಳುವಂತೆ ನನ್ನನ್ನು ಬೈದವನ ದನಿ ಈಗ ಮಗ್ಗುಲಲ್ಲಿ ಕೂತರೂ ಕಷ್ಟಪಟ್ಟು ಕೇಳುತ್ತದೆ. ಚಿಕಿತ್ಸಾಲಯದಲ್ಲಿ ಮಾತಿನ ಅಭ್ಯಾಸ ಮಾಡಿಸುವ ಹೆಂಗಸು ನನ್ನನ್ನು ಹೊರಗೆ ಕರೆದು, "ಮಾತಾಡಿಸ್ತಾ ಇರಿ ಅಮ್ಮ, ಆದಷ್ಟು ಮಾತಾಡಿಸಿ. ಬೇಸಿಗೆ ಹೊತ್ತಿಗೆ ಹೇಗಿರತ್ತೋ ಹೇಳೋಕಾಗಲ್ಲ," ಅಂದಳು. ಚಳಿಗಾಲದಲ್ಲಿ ನದಿ ಮೆಲ್ಲಗೆ ಹರಿಯುತ್ತದೆ, ದಡದಲ್ಲಿ ಪಿಸುಗುಟ್ಟಿದರೂ ನೀರಿನಲ್ಲಿ ನಿಂತವರಿಗೆ ಕೇಳಿಸುತ್ತದೆ. ಏಪ್ರಿಲ್ ಕೊನೆಗೆ ಬೆಟ್ಟದ ಹಿಮ ಕರಗಿ ಇಳಿಯುತ್ತದೆ. ಆಗ ಅಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ತಮ್ಮ ಅಮಾನತು ಸರಿಯಾಗಿ ಆ ವಾರವೇ ಮುಗಿಯುತ್ತದೆ. ಲೆಕ್ಕ ಹಾಕಿ ಇಟ್ಟ ದಿನಾಂಕವಲ್ಲ ಎಂದು ನಂಬಿದ್ದೇನೆ.

ನಿನ್ನೆ ಬೆಳಿಗ್ಗೆ ಹಾಲ್ವರ್ ಅಡುಗೆಮನೆಯ ಮೇಜಿನಿಂದ ಏನೋ ಹೇಳಿದ. ನಾನು ರೊಟ್ಟಿ ಸುಡುತ್ತಿದ್ದೆ. "ಏನು?" ಅಂದೆ. ಮತ್ತೆ ಹೇಳಿದ. "ಏನೋ?" ಅಂದೆ. ಮತ್ತೆ ಹೇಳಿದ. ನಾಲ್ಕನೆಯ ಸಲ ಕೇಳಿದಾಗ, ಏನಿಲ್ಲ ಬಿಡು ಎನ್ನುವಂತೆ ಕೈಯಾಡಿಸಿ ಕಿಟಕಿಯ ಕಡೆ ತಿರುಗಿದ. ಅವನು ಹೇಳಲಿದ್ದುದು ಏನೆಂದು ನನಗೆ ಈ ಹೊತ್ತಿಗೂ ಗೊತ್ತಿಲ್ಲ.

ಅವನ ಲೈಸನ್ಸ್ ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಕೋಲು ಮುಟ್ಟುವುದಿಲ್ಲ, ದಾರ ಮುಟ್ಟುವುದಿಲ್ಲ, ಬೇಕಿದ್ದರೆ ಗಾರ್ಡನ್ನು ಕಾವಲಿಗೆ ನಿಲ್ಲಿಸಿ, ಅವರಿಗೂ ಕಾಫಿ ತರುತ್ತೇನೆ. ನನ್ನ ಗಂಡ ನದಿಯ ದಡದಲ್ಲಿ ಕೂತು ನನಗೆ ಬುದ್ಧಿ ಹೇಳಬಹುದು ಎಂದು ಒಂದೇ ಒಂದು ಸಾಲು ಬರೆದು, ಸಹಿ ಮಾಡಿ, ಮೊಹರು ಹಾಕಿ ಕಳಿಸಿ. ಮೊಹರಿಲ್ಲದಿದ್ದರೆ ಅವನು ಬಾಯಿ ಬಿಡುವುದಿಲ್ಲ. ಫೆಬ್ರವರಿ ಅರ್ಧ ಕಳೆದಿದೆ. ದಯವಿಟ್ಟು ಬೇಗ ಬರೆಯಿರಿ. ಅವನ ಮಾತು ನನಗೆ ಕೇಳಿಸುತ್ತಿರುವಾಗಲೇ ಬರೆಯಿರಿ.

ಇಂತಿ,
ಲೈಸನ್ಸ್ ಇದ್ದೂ ಮೀನು ಹಿಡಿಯಲು ಬಾರದ,
ವರ್ನಾ ಸ್ಕಾರ್