ಎರಡನೇ ಟೇಬಲ್

ಜೂನ್ 7, ಶನಿವಾರ

ಇವತ್ತೂ ಡಿಕ್ಷನರಿ ಹೊತ್ತುಕೊಂಡು ಹೋದೆ. ಭುಜ ನೋಯುತ್ತಿದೆ. ಲೈಬ್ರರಿಯ ಮಕ್ಕಳ ಕೋಣೆಯಲ್ಲಿ ಎರಡು ಟೇಬಲ್, ಒಂದೊಂದಕ್ಕೆ ಐದೈದು ಮಕ್ಕಳು. ವಾರಕ್ಕೊಂದು ದೇಶದ ಕಥೆ. ಲೈಬ್ರರಿಯಮ್ಮನ ನಿಯಮ ಒಂದೇ — ಕೊನೆ ಬರುವ ಮುಂಚೆ ಕಥೆ ನಿಲ್ಲಿಸಬೇಕು. ಮಕ್ಕಳು ತಮ್ಮ ತಮ್ಮ ಕೊನೆ ಹೇಳಬೇಕು. ಆಮೇಲಷ್ಟೇ ಕಥೆ ಹೇಳುವ ನಾವಿಬ್ಬರು ನಮ್ಮದು ಹೇಳುವುದು. ತನ್ನದು ಹೇಳದವರಿಗೆ ಇನ್ನೊಬ್ಬರದು ಕೇಳುವ ಹಕ್ಕಿಲ್ಲ.

ಮೊದಲನೇ ಟೇಬಲ್ ನನ್ನದು. ಸೂರ್ಯನನ್ನು ಪೆಟ್ಟಿಗೆಯಿಂದ ಕದ್ದ ಕಾಗೆಯ ಕಥೆ. ದಪ್ಪ ಇಂಗ್ಲಿಷ್ ಪುಸ್ತಕ. ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡವನು ನಾನು. ಆಮೇಲೆ ಮೂವತ್ತೈದು ವರ್ಷ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದೆ. ಇಂಗ್ಲಿಷೆಲ್ಲ ಗಡಿ ದಾಟಿ ಹೋಯಿತು. ‘ಬಿಹೋಲ್ಡ್’ ಎಂದರೆ ಹಿಡಿದುಕೋ ಎಂದೆ. ಡಿಕ್ಷನರಿ ತೆಗೆದರೆ, ನೋಡು ಅಂತ. ಕಾಗೆ ಹಿಡಿದ ಸೂರ್ಯನನ್ನು ಬಿಡಬೇಕಾಯಿತು.

ಎರಡನೇ ಟೇಬಲ್ ಕಂಡಕ್ಟರನದು. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದೇ ರಿಟೈರ್ ಆದ ಆಸಾಮಿ. ಪುಸ್ತಕವಿಲ್ಲ, ಕನ್ನಡಕವಿಲ್ಲ. ನಿಂತೇ ಹೇಳುತ್ತಾನೆ, ಒಂದು ಕೈ ಮೇಲೆತ್ತಿ, ಇಲ್ಲದ ಕಂಬಿ ಹಿಡಿದುಕೊಂಡು. ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಚಿಟಿಕೆ — ಮಗಳ ಮಗಳು, ಎಂಟು ವರ್ಷ — ನನ್ನ ಟೇಬಲ್ಲಿನಲ್ಲೇ ಕೂತಿದ್ದಳು. ಕತ್ತು ಮಾತ್ರ ಆ ಕಡೆ.

ಜೂನ್ 14, ಶನಿವಾರ

ಹೋದಳು.

“ತಾತ, ಅಲ್ಲೊಂದು ಕುರ್ಚಿ ಖಾಲಿ ಇದೆ.”

“ಇಲ್ಲೂ ಇದೆಯಲ್ಲಮ್ಮ.”

“ಇಲ್ಲಿರೋದು ನಂದೇ. ಅದು ಖಾಲಿ ಇದೆ.”

ಇನ್ನೊಬ್ಬ ಅವಳ ಹಿಂದೆಯೇ ಎದ್ದ. ನನಗೆ ಮೂವರು ಉಳಿದರು. ಅದರಲ್ಲಿ ಒಬ್ಬ ತೂಕಡಿಸುತ್ತಿದ್ದ.

ಎನ್ವಿ ಬೇರೆ, ಜೆಲಸಿ ಬೇರೆ ಅಂತ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಅರ್ಧ ಪೀರಿಯಡ್ ಕೊರೆದಿದ್ದರು. ಯಾವುದು ಯಾವುದೋ ಮರೆತಿದೆ. ಎರಡೂ ಇದೆ ಎಂದು ಬರೆದಿಟ್ಟರೆ ಸಾಕು.

ವಾಪಸ್ ಬರುವಾಗ ಚಿಟಿಕೆ ಬಾಯಿ ನಿಲ್ಲಲಿಲ್ಲ. ಕಂಡಕ್ಟರ್ ಸೀಲ್ ಹೆಂಗಸಿನ ಕಥೆ ಶುರು ಮಾಡಿದ್ದಾನಂತೆ. ಸೀಲ್ ಎಂದರೆ ಮೀಸೆ ಇರುವ ಕಡಲ ಪ್ರಾಣಿ. ಚಳಿದೇಶದ್ದು. ಅದು ದಡಕ್ಕೆ ಬಂದು ಚರ್ಮ ಕಳಚಿಟ್ಟರೆ ಹೆಂಗಸಾಗುತ್ತದೆ. ಮೀನುಗಾರನೊಬ್ಬ ಚರ್ಮವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಅವಳನ್ನು ಮದುವೆಯಾಗುತ್ತಾನೆ. ಮಕ್ಕಳೂ ಆಗುತ್ತವೆ. ಒಂದು ದಿನ ಬೀಗದ ಕೈ ಅವಳಿಗೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿದ್ದಾನೆ. ಮುಂದಿನ ವಾರ ಎಲ್ಲರೂ ಕೊನೆ ತರಬೇಕು.

“ಅಜ್ಜೀನೂ ಇದೇ ಕಥೆ ಹೇಳ್ತಿದ್ರು,” ಎಂದಳು.

ನನ್ನ ಹೆಂಡತಿ ನನಗೆ ಹೇಳಿರಲಿಲ್ಲ.

ಜೂನ್ 16

ಮಗಳಿಗೆ ಫೋನ್ ಮಾಡಿದೆ. ಅಮ್ಮನ ಸೀಲ್ ಕಥೆ ಗೊತ್ತಾ ಎಂದೆ. “ಹೂಂ ಅಪ್ಪ. ಎಕ್ಸ್‌ಚೇಂಜಲ್ಲಿ ಟ್ರಂಕ್ ಕಾಲ್ ಕಾಯೋವಾಗ ಆಚೆ ಕಡೆ ಆಪರೇಟರ್ ಹೇಳಿದ್ಲಂತೆ. ಯಾವುದೋ ದ್ವೀಪದವಳು.”

ಇಂಗ್ಲಿಷಿನಲ್ಲಿ ಹೇಳಿರಬೇಕಲ್ಲ. ಟೆಲಿಫೋನ್ ಆಪರೇಟರ್ ಕೆಲಸದ ನಡುವೆ ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಕಥೆ ಕೇಳುತ್ತಿದ್ದಳೇ?

ಕಂಡಕ್ಟರನಿಗೆ ಹೇಗೆ ಗೊತ್ತು ಎಂದೆ.

“ಹನ್ನೊಂದು ವರ್ಷ ಅಮ್ಮ ಅವರದೇ ಏಳೂ ನಲವತ್ತರ ಬಸ್ಸಲ್ಲಿ ಹೋದ್ಲಲ್ಲ. ದಿನಾ ಮುಂದಿನ ಸೀಟು. ನಿಮಗೆ ಗೊತ್ತಿಲ್ವಾ?”

ಬಸ್ ಗೊತ್ತಿತ್ತು. ನಂಬರ್ ಗೊತ್ತಿತ್ತು. ಅವಳ ಟಿಫಿನ್ ಡಬ್ಬಿಯ ಮುಚ್ಚಳ ಸಡಿಲ ಅಂತ ಗೊತ್ತಿತ್ತು. ಅವಳು ಸತ್ತು ಎರಡು ವರ್ಷವಾದ ಮೇಲೆ, ಬಸ್ಸಿನೊಳಗೆ ಒಬ್ಬ ಮನುಷ್ಯನೂ ಇದ್ದ ಅಂತ ಗೊತ್ತಾಗುತ್ತಿದೆ.

ಜೂನ್ 21, ಶನಿವಾರ

ಮಾಡಬಾರದ್ದು ಮಾಡಿದೆ.

ನನ್ನ ದಪ್ಪ ಪುಸ್ತಕದಲ್ಲಿ ಆ ಕಥೆ ಇದೆ. 212ನೇ ಪುಟ. ನಿನ್ನೆಯೇ ಓದಿಟ್ಟುಕೊಂಡಿದ್ದೆ. ಲೈಬ್ರರಿ ಮೆಟ್ಟಿಲ ಮೇಲೆ ಕಂಡಕ್ಟರನ ಟೇಬಲ್ಲಿನ ಮಕ್ಕಳು ಕೂತಿದ್ದವು. ಕೊನೆ ಹೇಳಿಬಿಟ್ಟೆ. ಬೀಗ ತೆಗೆದಳು, ಚರ್ಮ ಹೊದ್ದಳು, ಕಡಲಿಗೆ ಬಿದ್ದಳು, ಹಿಂದೆ ತಿರುಗಿ ನೋಡಲಿಲ್ಲ. ಬೇಕಾದರೆ ನೋಡಿ, ಪ್ರಿಂಟ್ ಆಗಿದೆ ಎಂದೆ. ಚಿಟಿಕೆ ಕೈಯಲ್ಲಿ ಮಡಚಿದ ಹಾಳೆಯೊಂದಿತ್ತು. ಅದನ್ನು ಇನ್ನೂ ಚಿಕ್ಕದಾಗಿ ಮಡಚಿದಳು.

ಒಳಗೆ ಹೋದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಒಪ್ಪಿಸಿದರು. ನಾನು ಈ ಟೇಬಲ್ಲಿನಲ್ಲಿ ಕೂತು ಕೇಳಿಸಿಕೊಂಡೆ.

ಕಂಡಕ್ಟರ್ ನಕ್ಕ. “ಇಡೀ ಬಸ್ಸಿಗೆ ಒಂದೇ ಸ್ಟಾಪಿನ ಟಿಕೆಟ್ ಯಾರಪ್ಪಾ ಕೊಟ್ಟಿದ್ದು?”

ಬೆರಳುಗಳು ನನ್ನ ಕಡೆ ಬಂದವು. ಅವನು ಮಕ್ಕಳ ಕಡೆಗೇ ತಿರುಗಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಅವನ ಕೊನೆಯನ್ನು ಅವನೂ ಹೇಳಲಿಲ್ಲ.

ದಾರಿಯಲ್ಲಿ ಚಿಟಿಕೆ ನನ್ನ ಕೈ ಹಿಡಿಯಲಿಲ್ಲ. ಮನೆ ಗೇಟಿನ ಹತ್ತಿರ ಒಂದೇ ಮಾತು. “ನೀವು ಹೇಳಿದ್ದು ಅಜ್ಜೀದಲ್ಲ.”

ಜೂನ್ 28, ಶನಿವಾರ

ಹೊಟ್ಟೆ ಸರಿಯಿಲ್ಲ ಎಂದು ಹೇಳಿಕಳಿಸಿದೆ. ಹೊಟ್ಟೆಗೇನೂ ಆಗಿಲ್ಲ.

ಜುಲೈ 2, ಬುಧವಾರ, ಸಂಜೆ

ಕಂಡಕ್ಟರನ ಮನೆಗೆ ಹೋದೆ. ಬಸ್ ಡಿಪೋ ಹಿಂದಿನ ಬೀದಿ, ಮೇಲಿನ ಮಹಡಿ. ಷರ್ಟ್ ಇಸ್ತ್ರಿ ಮಾಡುತ್ತಿದ್ದ. ಜಗಳಕ್ಕೆಂದೇ ಹೋಗಿದ್ದೆ, ಸುಳ್ಳೇಕೆ.

“ಬನ್ನಿ ಸಾರ್. ಇನ್ನೂ ಬೇಗ ಬರ್ತೀರಿ ಅಂದ್ಕೊಂಡಿದ್ದೆ.”

“ನಾನು ಯಾರು ಅಂತ ಗೊತ್ತಿತ್ತಾ?”

“ಮೊದಲ ದಿನಾನೇ. ಡಿಕ್ಷನರಿ ನೋಡಿ. ನಮ್ಮನೆಯೋರು ಜಗಳಕ್ಕೂ ಡಿಕ್ಷನರಿ ತೆಗೀತಾರೆ ಅಂತಿದ್ರು ಅಮ್ಮಾವ್ರು.”

ಕೂರಲು ಹೇಳಿದ. ಕೂರಲಿಲ್ಲ. ಆಮೇಲೆ ಕೂತೆ.

ನನ್ನ ಹೆಂಡತಿ ಬಸ್ಸಿನಲ್ಲಿ ಆ ಸೀಲ್ ಕಥೆಯನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲವಂತೆ. ಕಥೆ ಅದೇ, ಕೊನೆ ಮಾತ್ರ ದಿನಕ್ಕೊಂದು. ಡ್ರೈವರ್ ಕೂಡ ಕಿವಿ ಇತ್ತ ಇಟ್ಟಿರುತ್ತಿದ್ದನಂತೆ. “ಮನೇಲಿ ಜಟಾಪಟಿ ಆಗಿದ್ರೆ ಆ ಹೆಂಗಸು ಬಾಗಿಲು ದಡಾರಂತ ಹಾಕ್ಕೊಂಡು ಕಡಲಿಗೆ ಹೋಗೋಳು. ಮಗೂಗೆ ಜ್ವರ ಇದ್ರೆ, ಜ್ವರ ಬಿಡ್ಲಿ ಆಮೇಲೆ ಹೋಗ್ತೀನಿ ಅಂತ ಚರ್ಮ ವಾಪಸ್ ಇಡೋಳು. ಒಂದಿನ ಗಂಡಾನೇ ಬೀಗದ ಕೈ ಕೊಟ್ಟ. ಅವತ್ತು ನೀವು ಕಾಫಿ ಮಾಡಿಕೊಟ್ಟಿದ್ರಂತೆ. ಬಸ್ಸು ಸೇತುವೆ ದಾಟೋಷ್ಟರಲ್ಲಿ ನಿಮ್ಮನೆ ಹವಾಮಾನ ನಂಗೆ ಗೊತ್ತಾಗ್ಬಿಡ್ತಿತ್ತು ಸಾರ್.”

ಕೇಳಬಾರದೆಂದುಕೊಂಡೇ ಕೇಳಿದೆ. “ಬರೀ ಕಥೇನಾ?”

ಇಸ್ತ್ರಿಪೆಟ್ಟಿಗೆ ಎತ್ತಿಟ್ಟ. “ಇಲ್ಲ ಸಾರ್. ಟಿಕೆಟ್ಟೂ ಕೊಡ್ತಿದ್ದೆ.”

ನಗು ಬಂತು. ನಗಬೇಕೆಂದಿರಲಿಲ್ಲ. ನಗು ಮುಗಿದ ಮೇಲೆ ಹೊಟ್ಟೆಕಿಚ್ಚು ಇದ್ದಲ್ಲೇ ಇತ್ತು, ಇನ್ನೂ ಸ್ವಲ್ಪ ದೊಡ್ಡದಾಗಿ. ನನಗೆ ಹಿಡಿದುಕೊಳ್ಳಲಾದರೂ ಇವನು ಏನಾದರೂ ತಪ್ಪು ಮಾಡಿರಬಾರದಿತ್ತೇ? ಏನೂ ಇಲ್ಲ. ಬರೀ ಕಿವಿ ಕೊಟ್ಟಿದ್ದಾನೆ.

ಎಕ್ಸ್‌ಚೇಂಜ್ ಮುಚ್ಚಿದ ದಿನ, ಅವಳ ಕಡೆಯ ಬಸ್ಸು — ಅವತ್ತು ಹೇಗೆ ಮುಗಿಸಿದಳು? ಇಷ್ಟನ್ನೂ ಕೇಳಿದೆ. ಹೋದಳೇ, ಉಳಿದಳೇ? ನನಗೆ ಅದು ಬೇಕು.

“ಶನಿವಾರ ನನ್ನ ಟೇಬಲ್ಲಿಗೆ ಬನ್ನಿ. ಮೊದಲು ನಿಮ್ಮ ಕೊನೆ ಹೇಳ್ಬೇಕು. ನಿಯಮ ಗೊತ್ತಲ್ಲ.”

ಜುಲೈ 5, ಶನಿವಾರ

ಮಕ್ಕಳ ಕುರ್ಚಿ. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಡಿಕ್ಷನರಿ ಒಯ್ಯಲಿಲ್ಲ. ನನ್ನ ಮೂವರನ್ನೂ ಕರೆದುಕೊಂಡೇ ಹೋದೆ. ಲೈಬ್ರರಿಯಮ್ಮ ಹುಬ್ಬು ಹಾರಿಸಿದರು, ಬಿಟ್ಟರು.

ಮೊದಲು ಮಕ್ಕಳಲ್ಲಿ ಕ್ಷಮೆ ಕೇಳಿದೆ. “ಪರವಾಗಿಲ್ಲ ತಾತ, ಮುಂದೆ ನಡೀರಿ,” ಎಂದ ಒಬ್ಬ, ಥೇಟ್ ಕಂಡಕ್ಟರ್ ಧಾಟಿಯಲ್ಲಿ. ಪುಸ್ತಕದ್ದು ಒಂದು ದಾರಿ ಅಷ್ಟೇ, ಇನ್ನೊಂದು ಹುಡುಕಿ ಎಂದು ಕಂಡಕ್ಟರ್ ಅವರಿಗೆ ಹೇಳಿದ್ದನಂತೆ. ಒಬ್ಬ ಹುಡುಗ ತನ್ನ ಕೊನೆಯಲ್ಲಿ ಗಂಡನಿಗೂ ಒಂದು ಚರ್ಮ ಹೊಲಿಸಿಕೊಟ್ಟ. ಚಿಟಿಕೆ ಹಾಳೆ ಬಿಡಿಸಿ ಓದಿದಳು — ಅವಳ ಹೆಂಗಸು ಮಕ್ಕಳಿಗೆಲ್ಲ ಈಜು ಕಲಿಸುವವರೆಗೂ ಕಾದಳು.

ನನ್ನ ಸರದಿ. ಎರಡು ದಿನದಿಂದ ಏನೇನೋ ಜೋಡಿಸಿದ್ದೆ. ಬಾಯಿಗೆ ಬಂದದ್ದು ಬೇರೆ.

“ಗಂಡ ಪೆಟ್ಟಿಗೆ ಬೀಗ ತೆಗೆದಿಟ್ಟು ಆಫೀಸಿಗೆ ಹೋದ. ಸಂಜೆ ವಾಪಸ್ ಬಂದ.”

“ಮೀನು ಹಿಡಿಯೋನಿಗೆ ಎಲ್ಲಿ ಆಫೀಸು?” ಎಲ್ಲರೂ ನಕ್ಕರು.

“ಒಳಗೆ ಅವಳಿದ್ಲಾ?” ಚಿಟಿಕೆ ಕೇಳಿದಳು.

“ಗೊತ್ತಿಲ್ಲ. ಅವನು ಬಾಗಿಲ ಹೊರಗೇ ನಿಂತಿದ್ದಾನೆ.”

“ತಟ್ಟೋಕೆ ಹೇಳಿ.”

“ಭಯ ಅವನಿಗೆ.”

ಚಿಟಿಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದಳು.

“ನಡೆಯುತ್ತೆ, ಇದೂ ಒಂದು ಕೊನೆ,” ಎಂದ ಕಂಡಕ್ಟರ್. ಇವತ್ತು ಕೈ ಮೇಲೆತ್ತಲಿಲ್ಲ. ಕೂತು ಹೇಳಿದ. ಅಮ್ಮಾವ್ರು ಕಡೆಯ ಬಸ್ಸಿನಲ್ಲಿ ಮುಗಿಸಿದ ಹಾಗೆ, ಅವರ ಮಾತಿನಲ್ಲೇ ಹೇಳುತ್ತೇನೆ ಎಂದ.

“ಚರ್ಮ ಎಲ್ಲಿದೆ ಅಂತ ಅವಳಿಗೆ ಮದುವೆಯಾದ ವಾರಕ್ಕೇ ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಹೊದ್ಕೊಂಡು ಕಡಲಿಗೆ ಹೋಗೋಳು. ಸಂಜೆ ಬಂದು ಮಡಚಿ ಅಲ್ಲೇ ಇಡೋಳು. ಯಾರೂ ಅವಳನ್ನ ಹಿಡಿದಿಟ್ಟಿರ್ಲಿಲ್ಲ, ಅವಳಾಗೇ ಬರ್ತಿದ್ಲು. ಕೂದಲಲ್ಲಿ ಉಪ್ಪಿರ್ತಿತ್ತು. ಇವತ್ತು ಏನು ನೋಡಿದೆ ಅಂತ ಗಂಡ ಒಂದಿನ ಕೇಳ್ತಾನೆ, ಆಗ ಎಲ್ಲಾ ಹೇಳ್ಬೇಕು ಅಂತ ಒಂದೊಂದೇ ಕೂಡಿಟ್ಕೊಂಡಿದ್ಲು.”

“ಕೇಳಿದ್ನಾ?” ತೂಕಡಿಸುವ ಹುಡುಗ. ಇವತ್ತು ಎಚ್ಚರವಿದ್ದ.

“ಅಷ್ಟರಲ್ಲಿ ಅಮ್ಮಾವ್ರ ಸ್ಟಾಪ್ ಬಂತು.”

ಮನೆಗೆ ಬಂದು ಆಗಿನಿಂದ ಕೂತಿದ್ದೇನೆ. ಸಂಜೆ ಆರೂಕಾಲಿಗೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ನಾನು ಪೇಪರ್ ಓದುತ್ತಿರುತ್ತಿದ್ದೆ. ಹನ್ನೊಂದು ವರ್ಷ, ತಲೆ ಎತ್ತದೆ, ಒಂದೇ ಮಾತು — ಬಸ್ಸು ಲೇಟಾ?

ಅವಳು ತಕ್ಷಣ ಒಳಗೆ ಹೋಗುತ್ತಿರಲಿಲ್ಲ. ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದಳು, ಹೆಗಲಿನ ಬ್ಯಾಗು ಇಳಿಸದೆ. ನಾನು ಇನ್ನೂ ಏನೋ ಕೇಳಲಿ ಎಂದು ಕಾಯುವ ಹಾಗೆ.